ಡೆವಲಪರ್ ಮೋಡೂ ಎರಡು ನವಿಲೂ

ಯಾವ ಕೆಲಸವನ್ನಾದರೂ ಕ್ರಮವಾಗಿ ಮಾಡಿದರೆ ಅದು ಕೆಡುವುದಕ್ಕೆ ಸಾಧ್ಯವೇ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಸಿದ್ಧಾಂತ. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ಯಾವ ಹಸು ಯಾವ ದಿನ ಎಷ್ಟು ಹಾಲು ಕೊಟ್ಟಿತು, ಬಂಗಾರಪೇಟೆಗೆ ಹೋಗುವ ಬೆಳಗಿನ ಬಸ್ಸು ಎಷ್ಟು ತಡವಾಯಿತು, ನಾನು ಕಲಿಯುವ ಕಂಪ್ಯೂಟರ್ ತರಗತಿಯಲ್ಲಿ ಎಷ್ಟು ಸಲ ಕರೆಂಟ್ ಹೋಯಿತು, ಎಲ್ಲವೂ ನನ್ನ ದಿನಚರಿಯಲ್ಲಿ ತಾರೀಖಿನ ಸಮೇತ ಇದೆ. ಇದರಿಂದ ಹಸುವಾಗಲಿ ಬಸ್ಸಾಗಲಿ ಸುಧಾರಿಸಿಲ್ಲ ಎನ್ನುವುದು ಬೇರೆ ಮಾತು.

ಆದ್ದರಿಂದ ಆಂಡರ್ಸನ್‌ಪೇಟೆಯಿಂದ ಅಕ್ಕ ಫೋನ್ ಮಾಡಿ, "ಸೀನ, ನಿನ್ ಲ್ಯಾಪ್‌ಟಾಪಲ್ಲಿ ನಂಗೊಂದು ನವಿಲು ಮಾಡ್ಕೊಡಕ್ಕಾಯ್ತದೇನ್ಲಾ?" ಎಂದು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ಒಂದೇ ಒಂದು ಗಂಟೆ ಕೆಲಸ" ಎಂದೆ.

ಅಕ್ಕ ಹೊಸದಾಗಿ ಕಂಪ್ಯೂಟರ್ ಕಸೂತಿ ಮೆಷಿನ್ ತಂದಿದ್ದಳು. ಬಟ್ಟೆ ಬಿಗಿದು ಚಿತ್ರ ಆರಿಸಿ ಗುಂಡಿ ಒತ್ತಿದರೆ ಸೂಜಿ ತಾನೇ ಓಡಾಡಿ ಕಸೂತಿ ಹಾಕುತ್ತದೆ. ಆದರೆ ಮೆಷಿನ್ನಿನ ಹೊಟ್ಟೆಯಲ್ಲಿ ತುಂಬಿ ಬಂದಿದ್ದ ಚಿತ್ರಗಳೆಂದರೆ ಗುಲಾಬಿ, ಚಿಟ್ಟೆ, ಬಾತುಕೋಳಿ ಮತ್ತು ಒಂದು ಹಡಗು. ಬಂಗಾರಪೇಟೆಯ ಶಾಂತಕ್ಕ ತಮ್ಮ ಮಗಳ ಮದುವೆಯ ಬ್ಲೌಸಿನ ಬಟ್ಟೆ ಕೊಟ್ಟು, ಸೀರೆಯ ಅಂಚಿನಲ್ಲಿರುವ ನವಿಲೇ ತೋಳಿನ ಮೇಲೂ ಬರಬೇಕು ಎಂದಿದ್ದರು. ಶನಿವಾರ ಬೆಳಗ್ಗೆ ಬ್ಲೌಸ್ ಅವರ ಕೈಯಲ್ಲಿರಬೇಕು. ಅದು ಒಪ್ಪಿಗೆಯಾದರೆ ಮದುವೆಯ ನಂತರದ ಬೀಗರೂಟಕ್ಕೆ ಇಡೀ ಮನೆತನದ ಹೆಂಗಸರ ಬ್ಲೌಸುಗಳೂ ಅಕ್ಕನಿಗೆ. ಇಲ್ಲದಿದ್ದರೆ ಎಲ್ಲವೂ ಬಂಗಾರಪೇಟೆಯ ಯಾವುದೋ ಅಂಗಡಿಗೆ. ಅಕ್ಕನಿಗೆ ಸಿಕ್ಕ ಮೊದಲನೆಯ ಮದುವೆ ಕೆಲಸ ಅದು. ತೋಳಿನ ಬಟ್ಟೆಯನ್ನು ಆಗಲೇ ಕತ್ತರಿಸಿಯೂ ಆಗಿತ್ತು. ಮದುಮಗಳ ತೋಳಿನ ಮೇಲೆ ಹಡಗು ಹಾಕಿ ಕಳಿಸುವಂತಿರಲಿಲ್ಲ.

ನವಿಲನ್ನು ಮೆಷಿನ್ನಿಗೆ ಅರ್ಥವಾಗುವಂತೆ ಮಾಡುವ ಸಾಫ್ಟ್‌ವೇರ್ ಒಂದು ಪುಕ್ಕಟೆ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಲ್ಯಾಪ್‌ಟಾಪ್ ಮಾತ್ರ ಹಳೆಯದು, ಅಗ್ಗದ್ದು, ಇಂಟರ್ನೆಟ್ ನೋಡುವುದು ಬಿಟ್ಟರೆ ಬೇರೇನೂ ಮಾಡಲೊಪ್ಪದ ಜಾತಿಯದ್ದು. ಅದರ ಹಟ ಬಿಡಿಸಬೇಕಾದರೆ ಡೆವಲಪರ್ ಮೋಡ್ ಎಂಬ ಸ್ಥಿತಿಗೆ ತರಬೇಕು. ಆಗ ಅದು ನಾವು ಹೇಳಿದ ಸಾಫ್ಟ್‌ವೇರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ. ವಿಧಾನವನ್ನು ದಿನಚರಿಯಲ್ಲಿ ಅಂದವಾಗಿ ಬರೆದುಕೊಂಡು ಬುಧವಾರ ಬೆಳಗ್ಗೆ ಆಂಡರ್ಸನ್‌ಪೇಟೆಗೆ ಹೊರಟೆ.

ಮನೆಯಲ್ಲಿ ಅಕ್ಕ, ಆಟೊ ಓಡಿಸುವ ಭಾವ, ಮತ್ತು ಅಕ್ಕನ ಅತ್ತೆ ಮುನಿಯಮ್ಮನವರು. ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು. ಅವರ ಕೈಗುಣ ಆ ಬೀದಿಗೆಲ್ಲ ಪ್ರಸಿದ್ಧ. ಯಾರ ಮನೆಗೆ ಹೊಸ ಒಲೆ ಬರಲಿ, ಗ್ರೈಂಡರ್ ಬರಲಿ, ಮೊದಲು ಮುಟ್ಟುವವರು ಮುನಿಯಮ್ಮ. ಭಾವನ ಆಟೊದ ಮೊದಲ ಕೀಲಿ ತಿರುಗಿಸಿದವರೂ ಅವರೇ.

ಮೊದಲನೆಯ ಹೆಜ್ಜೆಯಲ್ಲಿ ಮೂರು ಕೀಗಳನ್ನು ಒಟ್ಟಿಗೆ ಒತ್ತಬೇಕು. ಎಡ ಮೂಲೆಯದು, ಅದರ ಸಾಲಿನಲ್ಲೇ ಸುರುಳಿ ಬಾಣದ್ದು, ಬಲ ಮೂಲೆಯ ಪವರ್ ಗುಂಡಿ. ಬರೆದುಕೊಂಡಾಗ ಸುಲಭವಾಗಿಯೇ ಕಂಡಿತ್ತು. ಎರಡು ಕೈಯಲ್ಲಿ ಮಾಡಹೊರಟಾಗ ಪವರ್ ಗುಂಡಿ ಒಂದು ಚಣ ಮೊದಲಾಗಿ ಲ್ಯಾಪ್‌ಟಾಪ್ ಆರಿಹೋಯಿತು. ಮತ್ತೆ ಮಾಡಿದರೆ ಒಂದು ಚಣ ತಡವಾಗಿ ಮಾಮೂಲಿನಂತೆ ಹತ್ತಿಕೊಂಡಿತು. ಕೊನೆಗೆ ಅಕ್ಕನಿಗೆ ಒಂದು ಕೀ ವಹಿಸಿಕೊಟ್ಟು, ಭಾವನಿಗೆ ಇನ್ನೊಂದು ವಹಿಸಿಕೊಟ್ಟು, ಪವರ್ ಗುಂಡಿಯ ಮುಂದೆ ನಾನು ಕುಳಿತೆ.

"ಒಂದು, ಎರಡು, ಮೂರು" ಎಂದೆ.

"ಮೂರು ಅನ್ನೋವಾಗ ಒತ್ತೋದಾ, ಅಂದ್ಮೇಲೆ ಒತ್ತೋದಾ?" ಎಂದರು ಭಾವ, ಒತ್ತದೆ.

ಆ ಪ್ರಶ್ನೆ ಇತ್ಯರ್ಥವಾದ ಮೇಲೆ ಪರದೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು. ಸಿಸ್ಟಂ ಕಾಣೆಯಾಗಿದೆ ಅಥವಾ ಹಾಳಾಗಿದೆ ಎಂಬ ಅರ್ಥದವು.

ಅಕ್ಕ ಕೀಯಿಂದ ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡಳು. "ಹಾಳಾಯ್ತಾ? ನಾನು ಮೆಲ್ಲುಗೇ ಒತ್ತಿದ್ದು ಕಣ್ಲಾ."

"ಹಾಳಾಗಿಲ್ಲ ಅಕ್ಕಾ. ಹಾಗೆ ಹೇಳೋದು ಅದರ ಪದ್ಧತಿ."

"ಎಂಗೈತೆ ನೋಡಮ್ಮ ಪದ್ಧತಿ" ಎಂದು ಭಾವ ಆಟೊ ತೆಗೆದುಕೊಂಡು ಹೊರಟುಬಿಟ್ಟರು.

ಮುಂದಿನ ಹೆಜ್ಜೆಗಳೂ ಆದವು. ಲ್ಯಾಪ್‌ಟಾಪಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಪರದೆ ಕೇಳಿತು. ನಾನು ವ್ಯವಸ್ಥಿತ ಮನುಷ್ಯ. ಟೈಪ್ ಮಾಡಿಟ್ಟಿದ್ದ ಹಿಂದಿನ ಎರಡು ವರ್ಷದ ದಿನಚರಿಗೆ ನಕಲು ಇಟ್ಟೇ ಇದ್ದೆ. ಆಗಬಹುದು ಎಂದು ಒತ್ತಿದೆ. ನಕಲು ಅದೇ ಲ್ಯಾಪ್‌ಟಾಪಿನ ಇನ್ನೊಂದು ಫೋಲ್ಡರಿನಲ್ಲಿತ್ತು ಎಂಬುದು ಒತ್ತಿದ ಮೇಲೆ ನೆನಪಾಯಿತು.

ಯಂತ್ರ ತನ್ನನ್ನು ತಾನು ಸಿದ್ಧಪಡಿಸಿಕೊಳ್ಳಲು ಕಾಲು ಗಂಟೆ ಬೇಕೆಂದಿತು. ಕಾಯುವ ಹೊತ್ತನ್ನು ವ್ಯರ್ಥ ಮಾಡಬಾರದು ಎನ್ನುವುದು ನನ್ನ ಎರಡನೆಯ ಸಿದ್ಧಾಂತ. ಅಕ್ಕನಿಗೆ ಜರಿದಾರ ಬೇಕಾಗಿತ್ತು. ತರಲು ಹೋದೆ. ಬರುವ ಹೊತ್ತಿಗೆ ಲ್ಯಾಪ್‌ಟಾಪ್ ಅಂಗಡಿಯಿಂದ ಈಗ ತಾನೇ ಬಂದಂತೆ ನಗುನಗುತ್ತ ಸ್ವಾಗತ ಕೋರುತ್ತಿತ್ತು. ಸಾಫ್ಟ್‌ವೇರ್ ಹಾಕಲು ನೋಡಿದೆ. ಒಪ್ಪಲಿಲ್ಲ. ಡೆವಲಪರ್ ಮೋಡಿನಲ್ಲೇ ಇರಲಿಲ್ಲ ಅದು. ಹೋದ ದಾರಿಯಲ್ಲೇ ಹಿಂದಕ್ಕೆ ಬಂದುಬಿಟ್ಟಿತ್ತು.

ದಿನಚರಿಯಲ್ಲಿ ಬರೆದೆ: "ಯಂತ್ರವು ಯಾವುದೇ ಕಾರಣವಿಲ್ಲದೆ ಪೂರ್ವಸ್ಥಿತಿಗೆ ಮರಳಿತು."

ಎರಡನೆಯ ಸಲವೂ ಹಾಗೆಯೇ ಆಯಿತು. ಆ ಕಾಲು ಗಂಟೆಯಲ್ಲಿ ನಾನು ಅತ್ತೆಗೆ ಎಲೆ ಅಡಿಕೆ ತಂದುಕೊಟ್ಟೆ.

ಇನ್ನೊಬ್ಬನಾಗಿದ್ದರೆ ಎದೆಗುಂದುತ್ತಿದ್ದ. ನಾನು ಸಂಶೋಧನೆಗೆ ಇಳಿದೆ. ಒಂದೊಂದೇ ಕಾರಣವನ್ನು ತೆಗೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದೇ ತಪ್ಪು ತಾನೇ? ಕಸೂತಿ ಮೆಷಿನ್ನಿನ ಪ್ಲಗ್ ಕಿತ್ತೆ. ಟಿ.ವಿ. ಆರಿಸಿದೆ. ಕರೆಂಟ್ ಏರಿಳಿತಕ್ಕೆ ಫ್ರಿಜ್ ಕಾರಣವಿರಬಹುದೆಂದು ಅದನ್ನೂ ಆರಿಸಿ, ಮತ್ತೆ ಹಾಕಲು ಮರೆತೆ. ಮಧ್ಯಾಹ್ನದ ಹೊತ್ತಿಗೆ ದೋಸೆ ಹಿಟ್ಟು ಉಕ್ಕಿ ಫ್ರಿಜ್ಜಿನ ಬಾಗಿಲಿನಿಂದಾಚೆ ಇಳಿಯಿತು.

"ನನ್ ಹಿಟ್ಟು ಯಾವ ಮೋಡಿಗೆ ಬಂತೋ ನೋಡ್ಲಾ" ಎಂದಳು ಅಕ್ಕ, ನೆಲ ಒರೆಸುತ್ತ.

ಫ್ಯಾನನ್ನೂ ಆರಿಸಿದ್ದರಿಂದ ಅತ್ತೆ ಗೋಡೆಗೊರಗಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಆದರೂ ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ. "ಆಯ್ತದೆ ಬಿಡಪ್ಪ. ಮೂರ್ ದಿನದ ಮಗೀನ ಥರ ಐತೆ ಅದು. ಒಂದ್ಸಲ ನಗ್ತದೆ, ಒಂದ್ಸಲ ಕೂಗ್ತದೆ" ಎಂದರು. ಯಂತ್ರದ ವಿಷಯ ಇವರಿಗೇನು ಗೊತ್ತು ಎಂದು ನಾನು ಕೀಬೋರ್ಡ್ ಒರೆಸಿದೆ. ಮೂರನೆಯ ಸಲ ಲ್ಯಾಪ್‌ಟಾಪನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟೆ, ನಾಲ್ಕನೆಯ ಸಲ ದೇವರ ಗೂಡಿನ ಪಕ್ಕ. ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ. ಕಾಯುವಾಗ ಮನೆಗೆ ಬೇಕಾದ ಸಾಮಾನನ್ನೆಲ್ಲ ತಂದದ್ದರಿಂದ ಅಕ್ಕನ ಅಡುಗೆಮನೆ ಮಾತ್ರ ಅಂದು ತುಂಬಿ ತುಳುಕುತ್ತಿತ್ತು.

"ಲೋ, ನಿಂಗಾಗ್ದಿದ್ರೆ ಆಗಲ್ಲ ಅಂತ ಏಳ್ಬುಡು" ಎಂದಳು ಅಕ್ಕ. ದನಿ ಸಣ್ಣಗಾಗಿತ್ತು. "ಶಾಂತಕ್ಕಂಗೆ ಈಗ್ಲೇ ಫೋನ್ ಮಾಡ್ತೀನಿ. ನವಿಲು ಆಗಲ್ಲ, ಗುಲಾಬಿ ಹಾಕ್ಲಾ ಅಂತ ಕೇಳ್ತೀನಿ. ಬ್ಯಾಡ ಅಂದ್ರೆ ಬಟ್ಟೆ ವಾಪಸ್ ಕೊಟ್ಬುಡ್ತೀನಿ. ಸುಮ್ನೆ ಕೊನೆ ಗಳಿಗೇಲಿ ಅವರ ಮುಂದೆ ತಲೆ ತಗ್ಸಕ್ಕಾಗಲ್ಲ ನಂಗೆ."

"ನಾಳೆ ಸಂಜೆಯೊಳಗೆ ನವಿಲು ನಿನ್ನ ಮೆಷಿನ್ನಿನಲ್ಲಿ ಇರುತ್ತೆ" ಎಂದೆ. ಎದೆ ತಟ್ಟಿಕೊಂಡೆನೆಂದೂ ನೆನಪು.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದೆ. ಮಾರ್ಕೆಟ್ಟಿನ ಹಿಂದೆ ಸೆಲ್ವಣ್ಣನ ರಿಪೇರಿ ಅಂಗಡಿ. ನಾಲ್ಕು ಸಲ ನಡೆದದ್ದನ್ನು ನನ್ನ ದಿನಚರಿ ನೋಡಿ ಸವಿವರವಾಗಿ ಓದಿ ಹೇಳಿದೆ. ಅವರು ಬೋಂಡ ತಿನ್ನುತ್ತ ಕೇಳಿಸಿಕೊಂಡರು.

"ಫ್ರಿಜ್ ಏನ್ಕೆ ಆಫ್ ಮಾಡಿದ್ದು ತಂಬಿ?"

"ಕರೆಂಟ್ ಏರಿಳಿತ ಇರಬಹುದು ಅಂತ."

"ಲ್ಯಾಪ್‌ಟಾಪಲ್ಲಿ ಬ್ಯಾಟರಿ ಇರ್ಕುದಲ್ಲ?"

ಇದನ್ನು ನಾನು ಯೋಚಿಸಿರಲಿಲ್ಲ. ಸೆಲ್ವಣ್ಣ ಕೈ ಒರೆಸಿಕೊಂಡು ಕುಳಿತರು. ನಾವು ಮೂವರು ಸೇರಿ ಒತ್ತಿದ ಮೂರು ಕೀಗಳನ್ನು ಅವರೊಬ್ಬರೇ ಒತ್ತಿದರು. ಕಾಲು ಗಂಟೆ ಕಳೆದು ಲ್ಯಾಪ್‌ಟಾಪ್ ತಾನೇ ಮತ್ತೆ ಹತ್ತಿಕೊಂಡು ಒಂದು ಎಚ್ಚರಿಕೆಯ ಪರದೆ ತೋರಿಸಿತು. ನಾನು ಕನ್ನಡಕ ಒರೆಸಿ ಓದುವಷ್ಟರಲ್ಲಿ ಅವರು ಎರಡು ಕೀ ಒತ್ತಿ ದಾಟಿಬಿಟ್ಟರು. ಡೆವಲಪರ್ ಮೋಡ್. ಮೊದಲ ಸಲಕ್ಕೇ.

"ಇದಕ್ಕೆ ಒಣ್ಣುಮಿಲ್ಲೆ ತಂಬಿ, ಏನೂ ಆಗಿಲ್ಲ" ಎಂದು ಸೆಲ್ವಣ್ಣ ಉಳಿದರ್ಧ ಬೋಂಡಕ್ಕೆ ಹಿಂದಿರುಗಿದರು.

ಅಲ್ಲಿಯೇ ಕುಳಿತು ಸಾಫ್ಟ್‌ವೇರ್ ಹಾಕಿದೆ. ಸೀರೆಯ ಅಂಚಿನ ಫೋಟೊ ಇಟ್ಟುಕೊಂಡು ನವಿಲಿನ ಕೊಕ್ಕು, ಕತ್ತು, ಅರ್ಧ ಗರಿಯವರೆಗೂ ಬರೆದೆ. ಸಂಜೆಯಾಯಿತು. ಲ್ಯಾಪ್‌ಟಾಪ್ ಆರಿಸಿ ಮನೆಯ ದಾರಿ ಹಿಡಿದಾಗ ನನ್ನ ತೀರ್ಮಾನ ಸಿದ್ಧವಾಗಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಆದದ್ದು ಆಂಡರ್ಸನ್‌ಪೇಟೆಯಲ್ಲಿ ಆಗುವುದಿಲ್ಲವೆಂದರೆ ದೋಷ ಆಂಡರ್ಸನ್‌ಪೇಟೆಯದೇ!

ಮನೆಯವರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ವೈಜ್ಞಾನಿಕ ಮನೋಭಾವದ ಬಗ್ಗೆ ನಾಲ್ಕು ಮಾತು ಹೇಳಿ, ಪವರ್ ಗುಂಡಿ ಒತ್ತಿದೆ. ಎಚ್ಚರಿಕೆಯ ಪರದೆ ಬಂತು. ಸೆಲ್ವಣ್ಣ ಒತ್ತಿದ್ದು ಯಾವ ಎರಡು ಕೀ ಎಂದು ದಿನಚರಿಯ ಹಾಳೆ ತಿರುವತೊಡಗಿದೆ. ಲ್ಯಾಪ್‌ಟಾಪ್ ಎರಡು ಸಲ ಕೀಂ ಕೀಂ ಎಂದಿತು.

"ಅತ್ತೆ, ಕೂಗ್ತು ನೋಡಿ, ಬನ್ನಿ" ಎಂದಳು ಅಕ್ಕ, ದಿನಾ ಹೇಳುವವಳಂತೆ.

ಅತ್ತೆ ಎದ್ದು ಬಂದರು. ಬಲಗೈಯನ್ನು ಕಣ್ಣಿಗೊತ್ತಿಕೊಂಡರು. ಕೆಳಗಿನ ಉದ್ದನೆಯ ಕೀಯನ್ನು ಒಂದು ಸಲ ಒತ್ತಿದರು. ಆಮೇಲೆ ಬಲಗಡೆಯ ದಪ್ಪನೆಯ ಕೀಯನ್ನು ಒಂದು ಸಲ ಒತ್ತಿದರು. ಹೋಗಿ ತಮ್ಮ ಜಾಗದಲ್ಲಿ ಕುಳಿತರು.

ಪರದೆ ಕಪ್ಪಾಯಿತು. ಆಮೇಲೆ ನಾನು ಇಷ್ಟು ಹೊತ್ತಿಗೆ ಬಾಯಿಪಾಠ ಮಾಡಿಕೊಂಡಿದ್ದ ಆ ಸ್ವಾಗತ ಬಂತು. ಸಾಫ್ಟ್‌ವೇರ್ ಹೋಯಿತು. ಕೊಕ್ಕು, ಕತ್ತು, ಅರ್ಧ ಗರಿ, ಎಲ್ಲವೂ ಹೋದವು.

"ಅತ್ತೆ, ಏನು ಮಾಡಿದಿರಿ?"

"ದಿನಾ ಮಾಡೋದೇ ಕಣಪ್ಪ."

"ದಿನಾ ಅಂದರೆ?"

"ನೀನು ಅತ್ತಾಗ್ ಓಗಿದ್ದಾಗ ಅದು ಕೂಗ್ತಿತ್ತಲ್ಲ. ಹೊಸ ಕೆಲ್ಸ ಸುರುವಾಯ್ತದೆ, ಅತ್ತೆ ಕೈ ತಾಕ್ಲಿ ಅಂತ ಇವಳು ಕರೀತಿದ್ಲು. ಬಂದು ಒತ್ತಿ ಓಗ್ತಿದ್ದೆ."

"ನಿನ್ನೆ ನಾಲ್ಕು ಸಲವೂ?"

"ಎಷ್ಟು ಸಲ ಕೂಗ್ತೋ ಅಷ್ಟು ಸಲಾನೂ. ನಾನೇನು ಲೆಕ್ಕ ಇಡ್ತೀನಾ ನಿನ್ನಂಗೆ?"

ನಾನು ಅಕ್ಕನ ಕಡೆ ತಿರುಗಿದೆ. "ನನಗೆ ಯಾಕೆ ಹೇಳಲಿಲ್ಲ?"

"ಏಳೋದೇನೈತೆ ಅದರಲ್ಲಿ? ದೀಪ ಹಚ್ಚಿದ್ರೂ ನಿಂಗೆ ಬಂದು ಏಳ್ಬೇಕಾ?"

ಅದು ನಿಜ. ನಾನೇ ಪಕ್ಕದಲ್ಲಿ ನಿಂತಿದ್ದರೂ ಅದನ್ನು ಬರೆದುಕೊಳ್ಳುತ್ತಿರಲಿಲ್ಲ. ಅದು ಶಾಸ್ತ್ರ, ಹೆಜ್ಜೆಯಲ್ಲ. ಮನೆಯ ಟಿ.ವಿ., ಫ್ರಿಜ್, ಫ್ಯಾನುಗಳನ್ನೆಲ್ಲ ಒಂದೊಂದಾಗಿ ವಿಚಾರಣೆ ಮಾಡಿದವನು ಮುನಿಯಮ್ಮನವರನ್ನು ಮಾತ್ರ ಬಿಟ್ಟಿದ್ದೆ.

"ಅಷ್ಟೊಂದು ಕೀ ಇರೋವಾಗ ಅವೆರಡೇ ಯಾಕೆ ಅತ್ತೆ?"

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಶುಭ ಕಾರ್ಯಕ್ಕೆ ಸಣ್ಣದು ಮುಟ್ತಾರೇನಪ್ಪ? ದೊಡ್ಡದು ಮುಟ್ಬೇಕು. ಒಂಟಿನೂ ಮುಟ್ಬಾರ್ದು. ಎಲೆ ಕೊಟ್ರೂ ಎರಡು ಕೊಡ್ತೀವಿ, ಅಡಿಕೆ ಕೊಟ್ರೂ ಎರಡು ಕೊಡ್ತೀವಿ. ಅದಕ್ಕೇ ಎರಡು ಒತ್ತಿದೆ. ಇರೋದ್ರಲ್ಲಿ ದೊಡ್ಡವು ಅವೇ ತಾನೇ?"

ಆಮೇಲೆ ಆ ಎಚ್ಚರಿಕೆಯ ಪರದೆಯ ಬರಹವನ್ನು ಫೋನಿನಲ್ಲಿ ಹುಡುಕಿ ಓದಿದೆ. ಡೆವಲಪರ್ ಮೋಡ್ ಬೇಡವೆಂದಾದರೆ ಕೆಳಗಿನ ಉದ್ದನೆಯ ಕೀ ಒತ್ತಿ, ಆಮೇಲೆ ಬಲಗಡೆಯ ಎಂಟರ್ ಕೀ ಒತ್ತಿ ಖಚಿತಪಡಿಸಿ ಎಂದಿತ್ತು. ಯಂತ್ರ ಇಂಗ್ಲಿಷಿನಲ್ಲಿ ಬೇಡಿಕೊಂಡದ್ದನ್ನು ಅತ್ತೆ ಶಾಸ್ತ್ರದ ಪ್ರಕಾರ ಚಾಚೂ ತಪ್ಪದೆ ನಡೆಸಿಕೊಡುತ್ತ ಬಂದಿದ್ದರು.

ಅಕ್ಕನನ್ನು ಅಡುಗೆಮನೆಗೆ ಕರೆದು, "ನಾಳೆ ಅತ್ತೆ ಮುಟ್ಟದ ಹಾಗೆ ನೋಡಿಕೋ" ಎಂದೆ.

"ನೀನು ನವಿಲು ಮಾಡ್ಕೊಟ್ಟು ಊರಿಗೊಂಟೋಗ್ತೀಯ" ಎಂದಳು ಅಕ್ಕ. "ನಾನು ಈ ಮನೇಲಿ ಬದುಕ್ಬೇಕು. ನಿಮ್ ಕೈ ಬ್ಯಾಡ ಅಂತ ಅವರ ಮುಖ ನೋಡ್ಕೊಂಡು ನಾನೇಳಲ್ಲ. ಬೇಕಾದ್ರೆ ನೀನೇಳು."

ನನಗೆ ಧೈರ್ಯ ಬರಲಿಲ್ಲ ಎಂದು ಯಾರೂ ತಿಳಿಯಬಾರದು. ಅದಕ್ಕಿಂತ ಉತ್ತಮವಾದ ಉಪಾಯ ಹೊಳೆಯಿತು. ಪರದೆಯನ್ನು ದಾಟಿ ಮುಂದೆ ಹೋಗಲು ಸೆಲ್ವಣ್ಣ ಒತ್ತಿದ್ದೂ ಎರಡು ಕೀಗಳನ್ನೇ! ಒಂದು ಎಡಗಡೆಯ ಕಂಟ್ರೋಲ್ ಕೀ, ಇನ್ನೊಂದು ಡಿ ಅಕ್ಷರದ್ದು. ಶುಕ್ರವಾರ ಬೆಳಗ್ಗೆ ಆರನೆಯ ಕಾಲು ಗಂಟೆ ಮುಗಿದು ಲ್ಯಾಪ್‌ಟಾಪ್ ಕೂಗುವ ಮೊದಲೇ ನಾನೇ ಅತ್ತೆಯನ್ನು ಕರೆದೆ. ಈ ಸಲ ಎಲ್ಲಿಗೂ ಏಳದೆ ಅದರ ಮುಂದೆಯೇ ಕುಳಿತಿದ್ದೆ.

"ಅತ್ತೆ, ಇವತ್ತು ಈ ಜೋಡಿ."

ಅತ್ತೆ ಬಗ್ಗಿ ನೋಡಿದರು. "ಇವು ಸಣ್ಣವಲ್ವೇನಪ್ಪ?"

"ಸಣ್ಣವೇ. ಆದರೆ ನೋಡಿ, ಗಂಡು ಒಂದು ಕಡೆ ಕೂತಿದೆ, ಹೆಣ್ಣು ಒಂದು ಕಡೆ ಕೂತಿದೆ. ನೀವು ಎರಡನ್ನೂ ಒಟ್ಟಿಗೆ ಹಿಡಿದು ಸೇರಿಸಬೇಕು."

ಮದುವೆ ಬ್ಲೌಸಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಶಾಸ್ತ್ರ ಇರಲಾರದು ಎಂದು ಅತ್ತೆಗೂ ಅನ್ನಿಸಿತು. ಎರಡು ಕೀಗಳಿಗೂ ಚುಕ್ಕಿ ಕುಂಕುಮ ಇಟ್ಟು, ಎರಡು ಕೈಯಿಂದ ಒಟ್ಟಿಗೆ ಒತ್ತಿ, ಬಾಯಲ್ಲಿ ಏನೋ ಹರಸಿದರು. ಡೆವಲಪರ್ ಮೋಡ್ ಬಂತು. ಬಂದದ್ದು ಉಳಿಯಿತು.

ಅಲ್ಲಿಂದ ಮುಂದೆ ನನ್ನ ಕೈ ತಡೆಯುವವರು ಯಾರೂ ಇರಲಿಲ್ಲ. ಮಧ್ಯಾಹ್ನದೊಳಗೆ ಸಾಫ್ಟ್‌ವೇರ್, ಕೊಕ್ಕಿನಿಂದ ಗರಿಯ ಕೊನೆಯವರೆಗೆ ಪೂರ್ತಿ ನವಿಲು. ಪೆನ್‌ಡ್ರೈವಿಗೆ ಹಾಕಿ ಮೆಷಿನ್ನಿಗೆ ಚುಚ್ಚಿದೆ. ಸೂಜಿ ಟಕಟಕನೆ ಓಡಿತು. ಜರಿದಾರದಲ್ಲಿ ನವಿಲು ಮೂಡುತ್ತಿದ್ದಂತೆ ಅಕ್ಕ ಅಡುಗೆ ಬಿಟ್ಟು ಬಂದು ನಿಂತಳು. ಮೂರು ದಿನದಲ್ಲಿ ಮೊದಲ ಸಲ ನಕ್ಕಳು. "ಪರವಾಗಿಲ್ವೋ ಸೀನ" ಎಂದಳು.

ಎರಡನೆಯ ತೋಳು ಬಿಗಿಯುವಾಗ ಕೇಳಿದಳು, "ಇದಕ್ಕೂ ಅದೇನಾ?"

"ಅದೇ ಫೈಲ್. ಒಂದು ಎಳೆ ಕೂಡ ಹೆಚ್ಚು ಕಮ್ಮಿ ಆಗಲ್ಲ. ಎರಡೂ ಪಡಿಯಚ್ಚು."

ಹೇಳಿದಂತೆಯೇ ಆಯಿತು. ಒಂದು ಎಳೆಯೂ ಹೆಚ್ಚು ಕಮ್ಮಿಯಾಗಲಿಲ್ಲ. ಸಂಜೆ ಅಕ್ಕ ತೋಳುಗಳನ್ನು ಬ್ಲೌಸಿಗೆ ಹೊಲಿದು ಹ್ಯಾಂಗರಿಗೆ ಹಾಕಿದಳು. ಬಹಳ ಹೊತ್ತು ನೋಡಿದಳು. ಭಾವ ಬಂದವರು ಆ ಕಡೆ ಈ ಕಡೆ ತಲೆ ವಾಲಿಸಿದರು.

"ಈ ನವಿಲು ಬತ್ತಾ ಐತೆ" ಎಂದರು ಬಲಗಡೆಯ ತೋಳು ತೋರಿಸಿ. "ಆ ನವಿಲು ಯಾಕ್ ಒಂಟೋಯ್ತಾ ಐತೆ?"

ಬಲತೋಳಿನ ನವಿಲು ಮುಂದಕ್ಕೆ ನೋಡುತ್ತಿತ್ತು. ಎಡತೋಳಿನದು ಹಿಂದಕ್ಕೆ ನೋಡುತ್ತಿತ್ತು. ಎರಡು ತೋಳು ಒಂದಕ್ಕೊಂದು ಎದುರುಬದುರಾಗಿರುತ್ತವೆ, ಆದ್ದರಿಂದ ಎರಡನೆಯದಕ್ಕೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಒಂದೇ ಗುಂಡಿ ಒತ್ತಿದರೆ ಆಗುತ್ತಿತ್ತು. ನಾನು ಒತ್ತಿರಲಿಲ್ಲ. ಬಿಚ್ಚೋಣವೆಂದರೆ ರೇಷ್ಮೆಯಲ್ಲಿ ಸೂಜಿ ತೂತು ಉಳಿಯುತ್ತದೆ. ಬೇರೆ ತೋಳು ಮಾಡೋಣವೆಂದರೆ ಬಟ್ಟೆ ಉಳಿದಿರಲಿಲ್ಲ.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಬ್ಲೌಸ್ ಮಡಿಸಿ ಚೀಲಕ್ಕೆ ಹಾಕಿ, "ಬೆಳಿಗ್ಗೆ ನೀನೂ ಬಾ. ಶಾಂತಕ್ಕಂಗೆ ನೀನೇ ಏಳ್ಬೇಕು" ಎಂದಳಷ್ಟೆ. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಶನಿವಾರ ಬೆಳಗ್ಗೆ ಬಂಗಾರಪೇಟೆಗೆ ಮೂವರು ಹೊರಟೆವು. ಅತ್ತೆ ಬರುತ್ತೇನೆಂದು ತಾವೇ ಬಸ್ ಹತ್ತಿದರು. ಶಾಂತಕ್ಕನ ಮನೆ ತುಂಬ ನೆಂಟರು. ಚಪ್ಪರದ ಕೆಳಗೆ ಕೂತು ಅವರು ಬ್ಲೌಸ್ ಬಿಡಿಸಿದರು. ಬಲತೋಳು ನೋಡಿ ಮುಖ ಅರಳಿತು. ಎಡತೋಳು ನೋಡಿ ಅರಳಿದ್ದು ಅಲ್ಲಿಗೇ ನಿಂತಿತು.

"ಏನಮ್ಮಾ ಇದು? ಒಂದು ಇತ್ತ ನೋಡ್ತೈತೆ, ಒಂದು ಅತ್ತ ನೋಡ್ತೈತೆ."

ನಾನು ಗಂಟಲು ಸರಿಮಾಡಿಕೊಂಡೆ. ಪ್ರತಿಬಿಂಬ ಎಂಬ ಪದದಿಂದ ಆರಂಭಿಸಬೇಕೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ. ಅಷ್ಟರಲ್ಲಿ ಅತ್ತೆ ಎಲೆ ಅಡಿಕೆಯನ್ನು ಬಾಯಲ್ಲೇ ಬದಿಗೆ ಸರಿಸಿ ಮಾತಾಡಿದರು.

"ಮದ್ವೆ ಹೆಣ್ಣಲ್ವೇನಮ್ಮ. ಒಂದು ಅತ್ತೆಮನೆ ಕಡೆ ನೋಡ್ತೈತೆ. ಇನ್ನೊಂದು ತವರು ಮನೆ ಕಡೆ ತಿರುಗ್ನೋಡ್ತೈತೆ. ನಾವೆಲ್ಲ ಅಂಗೇ ತಾನೇ ಬಂದಿದ್ದು?"

ಶಾಂತಕ್ಕ ಹಿಂದಕ್ಕೆ ನೋಡುವ ನವಿಲಿನ ಮೇಲೆ ಬೆರಳಾಡಿಸಿದರು, ಆಮೇಲೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಅವರ ತಂಗಿಯೊಬ್ಬರು ಬ್ಲೌಸ್ ಕಸಿದು ನೋಡಿ, "ಅಕ್ಕಾ, ನನ್ ಮಗಳಿಗೂ ಇಂಗೇ ಬೇಕು" ಎಂದರು. ಬೀಗರೂಟದ ಬ್ಲೌಸ್ ಬಟ್ಟೆಗಳ ಗಂಟು ಒಳಗಿನಿಂದ ಬಂದು ಅಕ್ಕನ ಮಡಿಲಿಗೆ ಬಿತ್ತು.

"ಇಂಥ ಯೋಚ್ನೆ ಯಾರಿಗಮ್ಮಾ ಬಂತು?" ಎಂದು ಕೇಳಿದರು ಶಾಂತಕ್ಕ.

ಈ ಪ್ರಶ್ನೆಗೆ ಪ್ರಾಮಾಣಿಕವಾಗಿ, ವಿನಯದಿಂದ ಉತ್ತರಿಸಲು ನಾನು ಎದ್ದು ನಿಂತೆ. ಅಕ್ಕ ನನ್ನ ಕಾಲು ತುಳಿದು, "ನಮ್ಮತ್ತೇದು" ಎಂದಳು.

"ಈ ಹುಡುಗ ಯಾರು?"

"ನನ್ ತಮ್ಮ. ಕಂಪ್ಯೂಟರ್ ಕಲೀತಾವ್ನೆ."

"ಔದಾ? ನಮ್ಮನೆ ಟಿ.ವಿ. ಎರಡು ದಿನದಿಂದ ಬತ್ತಾ ಇಲ್ಲ ಕಣಪ್ಪ. ಒಸಿ ನೋಡ್ತೀಯಾ?"

"ನೋಡೋಣ ಬನ್ನಿ" ಎಂದು ನಾನು ಅಂಗಿಯ ತೋಳು ಮಡಚಿದೆ.

"ಅವನಿಗೆ ಬಸ್ಸಿಗೆ ಒತ್ತಾಯ್ತು" ಎಂದಳು ಅಕ್ಕ.

ಬಸ್ಸಿಗೆ ಹೊತ್ತೇನೂ ಆಗಿರಲಿಲ್ಲ. ಬಂಗಾರಪೇಟೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೂವರೂ ಬಿಸಿಲಿನಲ್ಲಿ ಬಹಳ ಹೊತ್ತು ಕೂತಿದ್ದೆವು. ಅಷ್ಟು ಹೊತ್ತಿನಲ್ಲಿ ಆ ಟಿ.ವಿ. ಸರಿಮಾಡಿಬಿಡಬಹುದಾಗಿತ್ತು ಎಂದೆ. ಅಕ್ಕ ಬ್ಲೌಸುಗಳ ಗಂಟನ್ನು ನನ್ನ ಪಕ್ಕದಿಂದ ತೆಗೆದು ತನ್ನ ಆ ಕಡೆಗೆ ಇಟ್ಟುಕೊಂಡಳು.